ಸಂತಪುರದ ಅಕ್ಕಾರು

ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕಾರು ಭಾಲ್ಕಿಯ ದೊಡ್ಡ ದೇಶಮುಖರ ಮಗಳು. ಹುಟ್ಟಿನಿಂದ ಕಾಲಿಗೆ ಬಲವಿಲ್ಲದ ಅವರನ್ನು ವಾಡೆಯ ಹಿಂದಿನ ಕೋಣೆಯಲ್ಲಿ ಬಚ್ಚಿಟ್ಟೇ ಬೆಳೆಸಿದ್ದರು. ತಮ್ಮಂದಿರಿಗೆ ಮುನ್ಷಿ ಉರ್ದು ಕಲಿಸುವುದನ್ನು ಬಾಗಿಲ ಸಂದಿಯಿಂದ ನೋಡಿಯೇ ಅವರು ಅಕ್ಷರ ಕಲಿತಿದ್ದರು. ತಂದೆ ತೀರಿದ ಮೇಲೆ ತಮ್ಮಂದಿರು ಅವರನ್ನು ಆಳು ಮುದುಕಿಯೊಬ್ಬಳ ಜೊತೆ ನಮ್ಮ ಸಂತಪುರಕ್ಕೆ ಸಾಗಿಸಿದರು.

ಬಂದ ದಿನವೇ ಅಕ್ಕಾರು ಹೊರಗಿನ ಕಟ್ಟೆಯ ಮೇಲೆ ಕೂತರು. ಹೋಗಿಬರುವವರಿಗೆಲ್ಲ, "ಬರ್ರಿ, ಕೂಡ್ರಿ, ಏನ್ ಸುದ್ದಿ ಹೇಳ್ರಿ" ಎನ್ನುತ್ತಿದ್ದರು.

ನಮ್ಮಪ್ಪ ಸತ್ತಾಗ ದೊಡ್ಡಪ್ಪ ನಮ್ಮ ಹೊಲ ನುಂಗಲು ನೋಡಿದ. ಅವ್ವನ ಪರವಾಗಿ ಅಕ್ಕಾರು ಆಗಿನ ಕಚೇರಿ ಭಾಷೆಯಾದ ಉರ್ದುವಿನಲ್ಲಿ ಅರ್ಜಿ ಬರೆದರು. ಹೆಂಗಸು ಬರೆದದ್ದೆಂದರೆ ನಂಬದ ಔರಾದಿನ ತಹಸೀಲ್ದಾರರು ಬರೆದವರನ್ನೇ ಕರೆಸಿದರು.

ಅವ್ವ ಅವರನ್ನು ಬೆನ್ನ ಮೇಲೆ ಹೊತ್ತು ಕಚೇರಿಯ ಮೆಟ್ಟಿಲು ಹತ್ತಿದಳು. ನಾನು ಹಿಂದಿದ್ದೆ. ನೆರೆದವರೆಲ್ಲ ತಿರುಗಿ ನೋಡಿದರು.

"ಅಕ್ಕಾರ, ಮಂದಿ ನೋಡಾಕತ್ತಾರ್ರಿ. ಮುಖಕ್ಕ ಸೆರಗು ಎಳೀಲೇನ್ರಿ?" ಎಂದಳು ಅವ್ವ.

"ಬ್ಯಾಡವ್ವ, ನೋಡ್ಲಿ ಬಿಡು. ನಾನೂ ಅವರ್ನ ನೋಡ್ತೇನಿ."

ತಹಸೀಲ್ದಾರರು ಹೇಳಿದ್ದನ್ನು ಅಕ್ಕಾರು ಅಲ್ಲೇ ತಪ್ಪಿಲ್ಲದೆ ಬರೆದು ತೋರಿಸಿದರು. ಹೊಲ ಅವ್ವನ ಹೆಸರಿಗಾಯಿತು.

ಅಕ್ಕಾರು ಹೊಲವೆಂಬುದನ್ನು ಎಂದೂ ಹತ್ತಿರದಿಂದ ನೋಡಿರಲಿಲ್ಲ. ಆ ಸುಗ್ಗಿಯಲ್ಲಿ ಜೋಳದ ಎಳೆ ತೆನೆ ಸುಟ್ಟಾಗ ಅವ್ವ ಅವರನ್ನು ಅಲ್ಲಿಗೇ ಹೊತ್ತೊಯ್ದಳು. ಬಿಸಿ ಸೀತನಿ ಕಾಳನ್ನು ಬಾಯಿಗೆ ಹಾಕಿಕೊಂಡು ಅಕ್ಕಾರು ನಗುತ್ತಲೇ ಇದ್ದರು.