ತಪ್ಪಾಗಿ ದಾಟಿಸಿದ ಮಾತು

ಅವರ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಚಿಕ್ಕಂದಿನಲ್ಲಿ ಹೊಲಿಗೆ ಮಿಷನ್ನಿನ ಸೂಜಿ ಆ ಬೆರಳನ್ನು ತೂರಿಕೊಂಡು ಹೋಗಿತ್ತಂತೆ. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ತೋರಿಸುವಾಗಲೂ, ವೇದಪುಸ್ತಕದ ಸಾಲು ತೋರಿಸುವಾಗಲೂ ಆ ಬೆರಳೇ ಮುಂದೆ ಬರುತ್ತಿತ್ತು. ತಮಿಳುನಾಡಿನ ಮೇಟ್ಟೂರಿನ ಹತ್ತಿರದ ಕೊಳತ್ತೂರಿನಲ್ಲಿ ಒಂದು ಸಣ್ಣ ಚರ್ಚಿನ ಪಕ್ಕದ ತಗಡಿನ ಕೋಣೆಯಲ್ಲಿ ನಾವು ಹತ್ತು ಹನ್ನೆರಡು ಹುಡುಗಿಯರು ಅವರಿಂದ ಹೊಲಿಗೆ ಕಲಿಯುತ್ತಿದ್ದೆವು. ತೊಂಬತ್ತರ ದಶಕದ ಮೊದಲ ವರ್ಷಗಳು. ನಮಗೆ ಅವರು ಟೀಚರಮ್ಮ.

ಅವರು ತಿರುನೆಲ್ವೇಲಿ ಕಡೆಯವರು. ಮದುವೆಯಾಗಿರಲಿಲ್ಲ. ಬೆಳಗ್ಗೆ ಬಂದವರೇ ಮಿಷನ್ನಿಗೆ ಎಣ್ಣೆ ಬಿಟ್ಟು, ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡರೆ ಅದನ್ನು ತೆಗೆಯುತ್ತಿದ್ದದ್ದು ಸಂಜೆಗೇ. ಹೊಲಿಗೆ ಎಲ್ಲಿ ಸೊಟ್ಟಗಾದರೂ ಬೈಯುತ್ತಿರಲಿಲ್ಲ. "ಬಿಚ್ಚು ಪಾಪ್ಪಾ" ಎನ್ನುತ್ತಿದ್ದರು; ಅವರಿಗೆ ನಾವೆಲ್ಲ ಪಾಪ್ಪಾ, ಮಗು. ಹೊಲಿದದ್ದಕ್ಕಿಂತ ಬಿಚ್ಚುವುದಕ್ಕೇ ಹೆಚ್ಚು ಹೊತ್ತು ಬೇಕಾಗುತ್ತದೆ, ಅದಕ್ಕೆ ಬೇಸರ ಪಡಬಾರದು ಎನ್ನುವುದು ಅವರ ಮಾತು. ಒಂದು ರವಿಕೆಯ ತೋಳನ್ನು ನನ್ನಿಂದ ಐದು ಸಲ ಬಿಚ್ಚಿಸಿದ್ದರು.

ಬುಧವಾರ ಮಧ್ಯಾಹ್ನ ಮಿಷನ್ನುಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸುತ್ತಿದ್ದೆವು. ಸುತ್ತಲಿನ ಹಟ್ಟಿಗಳಿಂದ ಹೆಂಗಸರು ಬಂದು ಕೂರುತ್ತಿದ್ದರು. ಹೆಚ್ಚಿನವರು ನಮ್ಮಂತೆಯೇ ಕನ್ನಡ ಮನೆಮಾತಿನವರು, ಕುರಿ ಸಾಕುವವರು. ಯಾರೂ ಮತ ಬದಲಿಸಿದವರಲ್ಲ. ಟೀಚರಮ್ಮ ಹೇಳುವ ಕತೆ ಚೆನ್ನಾಗಿರುತ್ತದೆ ಎಂದು ಬರುತ್ತಿದ್ದರು. ಸಂತೆಯ ತಮಿಳು ಅವರಿಗೆಲ್ಲ ಬರುತ್ತಿತ್ತು, ಆದರೆ ಪುಸ್ತಕದ ತಮಿಳು, ಅದರಲ್ಲೂ ಟೀಚರಮ್ಮನ ತಿರುನೆಲ್ವೇಲಿ ಓಟದ ತಮಿಳು, ತಲೆಗೆ ಹತ್ತುತ್ತಿರಲಿಲ್ಲ. ಹತ್ತನೇ ಕ್ಲಾಸು ಓದಿದವಳೆಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅವರು ಹೇಳಿದ್ದನ್ನು ನಾನು ನಮ್ಮ ಮಾತಿಗೆ ತಿರುಗಿಸಬೇಕು.

'ಮನ್ನಿಪ್ಪು' ಎಂಬ ಮಾತಿಗೆ ಮೊದಲ ದಿನವೇ ತಡವರಿಸಿದೆ. ಕ್ಷಮೆ ಎಂಬ ಪದ ನಮ್ಮ ಮನೆಯಲ್ಲಿ ಯಾರೂ ಆಡಿದ್ದಿಲ್ಲ. ಕೊನೆಗೆ "ಓಗ್ಲಿ ಬುಡು ಅನ್ನೋದು" ಎಂದೆ. ಹೆಂಗಸರು ತಲೆಯಾಡಿಸಿದರು. ಟೀಚರಮ್ಮ ಅದರ ಅರ್ಥ ಕೇಳಿ ತಿಳಿದು, "ಇದು ನಮ್ಮ ಮಾತಿಗಿಂತ ಚೆನ್ನಾಗಿದೆ" ಎಂದು ಮಕ್ಕಳಂತೆ ಎರಡು ಮೂರು ಸಲ ಹೇಳಿ ಕಲಿತರು.

ಒಂದು ಬುಧವಾರ ಕಡೆಯ ದಿನದ ನ್ಯಾಯತೀರ್ಪಿನ ಕತೆ ಬಂತು. ಕುರಿಗಳನ್ನು ಬಲಕ್ಕೆ, ಮೇಕೆಗಳನ್ನು ಎಡಕ್ಕೆ ನಿಲ್ಲಿಸುವ ಕತೆ. ಹೇಳಿ ಮುಗಿಸುವ ಮೊದಲೇ ಒಬ್ಬಾಕೆ ತಡೆದಳು.

"ಅಲ್ಲ ಕೂಸೇ, ಮೇಕೆ ಏನ್ ಮಾಡ್ತು? ನಮ್ಮ ಅಟ್ಟೀಲಿ ಆಲು ಕೊಡೋದೇ ಮೇಕೆ. ಅದನ್ನ ಬೆಂಕಿಗೆ ಆಕ್ತಾರಾ?"

ಎಲ್ಲರೂ ನಕ್ಕರು. ಟೀಚರಮ್ಮನೂ ನಕ್ಕು, ಯಾವುದು ಯಾವ ಕಡೆ ಎಂದು ವಿಂಗಡಿಸುವುದು ಕಾಯುವವನ ಕೆಲಸ, ಮಂದೆಯಲ್ಲಿ ನಿಂತ ನಮ್ಮದಲ್ಲ ಎಂದರು.

ಆ ದಿನ ಹಿಂದಿನ ಸಾಲಿನಲ್ಲಿ ನನ್ನ ಸೋದರತ್ತೆ ಕೂತಿದ್ದಳು. ಅಪ್ಪನ ಅಕ್ಕ. ನನ್ನ ಅಕ್ಕನನ್ನು ಅವಳ ಮಗನಿಗೇ ಕೊಟ್ಟಿದ್ದರು. ಅಕ್ಕ ಏಳು ತಿಂಗಳ ಬಸುರಿಯಾಗಿದ್ದಾಗ ಏನೋ ಮಾತಿಗೆ ಮಾತು ಬೆಳೆದು, ಚಿತ್ತಿರೈ ತಿಂಗಳ ಸುಡುಬಿಸಿಲಿನ ನಡುಮಧ್ಯಾಹ್ನ ಅತ್ತೆ ಅವಳನ್ನು ಮನೆಯಿಂದ ಹೊರಡಿಸಿದ್ದಳು. ಅಕ್ಕ ಒಬ್ಬಳೇ ನಡೆದು ನಮ್ಮ ಮನೆಗೆ ಬಂದಳು. ಮೂರನೆಯ ದಿನ ತಾಯಿ, ಮಗು ಇಬ್ಬರೂ ತೀರಿಹೋದರು. ಹಿರಿಯರು ಕೂತು ರಾಜಿ ಮಾಡಿಸಿದರು. ಅಪ್ಪ ತನ್ನ ಅಕ್ಕನೊಡನೆ ಮತ್ತೆ ಮಾತಾಡತೊಡಗಿದ. ನಾನು ಮಾತ್ರ ನಾಲ್ಕು ವರ್ಷದಿಂದ ಅವಳ ಮುಖ ನೋಡಿರಲಿಲ್ಲ.

ಎಲ್ಲರೂ ಎದ್ದು ಹೋದ ಮೇಲೂ ಅವಳು ಕೂತೇ ಇದ್ದಳು. ಆಮೇಲೆ ಹತ್ತಿರ ಬಂದು, ನನ್ನ ಕಡೆ ನೋಡದೆ, ಚಾಪೆಯ ಅಂಚು ನೋಡುತ್ತ ಹೇಳಿದಳು.

"ಟೀಚರಮ್ಮನ್ನ ಒಂದ್ ಮಾತು ಕೇಳು ಕೂಸೇ. ಬಸ್ರಿ ಎಣ್ಣನ್ನ ಬಿಸ್ಲಾಗೆ ಆಚೆ ಕಳಿಸ್ದೋಳಿಗೆ ಆ ಕಡೇ ದಿನ ಏನಾಯ್ತದೆ? ಮನ್ನಿಪ್ಪು ಐತಾ, ಇಲ್ವಾ?"

ಆ ಪ್ರಶ್ನೆಯನ್ನು ನಾನು ಸರಿಯಾಗಿಯೇ ತಮಿಳಿಗೆ ತಿರುಗಿಸಿದೆ. ಯಾರ ವಿಷಯವೆಂದು ಟೀಚರಮ್ಮನಿಗೆ ತಿಳಿದಿರಲಿಲ್ಲ. ಅವರು ಪುಸ್ತಕ ಮತ್ತೆ ತೆರೆದು, ಅದೇ ಕತೆಯ ಮೇಲೆ ಬೆರಳಿಟ್ಟು, ಅತ್ತೆಯ ಮುಖವನ್ನೇ ನೋಡುತ್ತ ಬಹಳ ಹೊತ್ತು ಹೇಳಿದರು. ಇಲ್ಲಿ ಬಲಗಡೆಯವರೂ ಎಡಗಡೆಯವರೂ ಒಂದೇ ಪ್ರಶ್ನೆ ಕೇಳುತ್ತಾರೆ, ನಾವು ಯಾವಾಗ ಹಾಗೆ ಮಾಡಿದೆವು ಎಂದು. ಒಳ್ಳೆಯದು ಮಾಡಿದವರಿಗೂ ಗೊತ್ತಿಲ್ಲ, ಕೆಟ್ಟದ್ದು ಮಾಡಿದವರಿಗೂ ಗೊತ್ತಿಲ್ಲ. ಈ ತಾಯಿಗೆ ತಾನು ಮಾಡಿದ್ದು ಗೊತ್ತಿದೆ. ಗೊತ್ತಾಯಿತೆಂದರೆ ಮನಸ್ಸು ತಿರುಗಿತು ಎಂದು ಅರ್ಥ. ತಿರುಗಿದವಳನ್ನು ದೇವರು ದೂಡುವುದಿಲ್ಲ. ಯಾರನ್ನು ನೋಯಿಸಿದಳೋ ಅವರ ಮನೆಯವರ ಹತ್ತಿರ ಹೋಗಿ ಬಾಯಿಬಿಟ್ಟು ಹೇಳಲಿ, ಹೆದರುವುದು ಬೇಡ.

ಇಷ್ಟನ್ನೂ ಕೇಳಿಸಿಕೊಂಡು ನಾನು ಅತ್ತೆಗೆ ಹೇಳಿದ್ದು ಇದು:

"ಮನ್ನಿಪ್ಪು ಇಲ್ವಂತೆ ಅತ್ತೆ. ಬೆಂಕೀನೇ."

ಅತ್ತೆ ಕೇಳಿದಳು, "ಎಷ್ಟು ದಿನ?"

"ಮುಗಿಯಾಕೇ ಇಲ್ವಂತೆ."

ಅವಳು ಎದ್ದು ಟೀಚರಮ್ಮನಿಗೆ ಕೈಮುಗಿದಳು. ಸಮಾಧಾನವಾಯಿತು ಎಂದುಕೊಂಡು ಟೀಚರಮ್ಮ ನಗುತ್ತ ಕೈಮುಗಿದರು. ಆ ಇಬ್ಬರ ನಡುವೆ ನಾನು ನಿಂತಿದ್ದೆ. ಆಗ ನನಗಾದದ್ದು ಸಂತೋಷವೇ. ಅದನ್ನು ಇಂದು ಬರೆಯುವಾಗಲೂ ಕೈ ಹಿಂದೇಟು ಹಾಕುತ್ತದೆ.

"ಪೂರ್ತಿ ಹೇಳಿದೆಯಾ?" ಎಂದು ಅತ್ತೆ ಹೋದ ಮೇಲೆ ಟೀಚರಮ್ಮ ಕೇಳಿದರು.

"ಹೇಳ್ದೆ ಟೀಚರಮ್ಮ."

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಚಾಪೆ ಸುತ್ತಿಟ್ಟರು.

ಮುಂದಿನ ವಾರ ಒಂದು ದಿನ ಅವರು ಕ್ಲಾಸಿಗೆ ಬರಲಿಲ್ಲ. ಬಸ್ಸಿಲ್ಲದ ದಾರಿಯಲ್ಲಿ ನಡೆದು ಅತ್ತೆಯ ಹಟ್ಟಿಗೆ ಹೋಗಿದ್ದರು. ಅಲ್ಲಿ ನಡೆದದ್ದು ನಮಗೆ ಹಟ್ಟಿಯ ಹೆಂಗಸರ ಬಾಯಿಂದಲೇ ತಿಳಿಯಿತು. ಟೀಚರಮ್ಮ ಕುರಿದೊಡ್ಡಿಯ ಬಾಗಿಲಲ್ಲಿ ನಿಂತು, ತಮಗೆ ಬರುತ್ತಿದ್ದ ಅಷ್ಟಿಷ್ಟು ಕನ್ನಡದಲ್ಲಿ, "ಆವತ್ತು ಮಾತು ತಪ್ಪಾಗಿ ಬಂತು. ದೇವರು ಓಗ್ಲಿ ಬುಡು ಅಂತಾರೆ" ಎಂದರಂತೆ. ಅತ್ತೆ ಒಪ್ಪಲಿಲ್ಲವಂತೆ. "ನನ್ನ ಮೊಕ ನೋಡಿ ಪಾಪ ಅನ್ನಿಸಿ ಈಗ ಬೇರೆ ಏಳ್ತೀರ. ಮೊದ್ಲು ಏಳಿದ್ದೇ ಪುಸ್ತಕದ ಮಾತು" ಎಂದುಬಿಟ್ಟಳಂತೆ.

ಮಾತು ಯಾರಿಂದ ತಪ್ಪಿತು ಎಂದು ಟೀಚರಮ್ಮ ಅಲ್ಲಿ ಹೇಳಲಿಲ್ಲ. ಹಟ್ಟಿಯವರು ಅದನ್ನು ಅವರದೇ ತಪ್ಪು ಎಂದುಕೊಂಡರು. "ಇವತ್ತೊಂದು ಏಳ್ತಾಳೆ, ನಾಳೆ ಒಂದು ಏಳ್ತಾಳೆ. ತನ್ನ ಪುಸ್ತಕಾನೇ ಓದಾಕೆ ಬರಾಕಿಲ್ಲ" ಎಂದು ಆಡಿಕೊಂಡರು. ಬುಧವಾರದ ಚಾಪೆಯಲ್ಲಿ ಜನ ಕಡಿಮೆಯಾದರು. ಒಂದು ವಾರ ಇಬ್ಬರೇ ಬಂದರು. ನಾನು ಪಕ್ಕದಲ್ಲೇ ಕೂತು ಆ ಇಬ್ಬರಿಗೆ ತಪ್ಪಿಲ್ಲದೆ ಮಾತು ತಿರುಗಿಸಿದೆ. ಆದದ್ದನ್ನು ಯಾರಿಗೂ ಹೇಳಲಿಲ್ಲ. ಮರುವರ್ಷ ಚರ್ಚಿನವರು ಟೀಚರಮ್ಮನನ್ನು ಕಂಬೈನಲ್ಲೂರಿಗೆ ಕಳಿಸಿದರು. ಹೋಗುವ ದಿನ ನನ್ನ ಕೈಗೆ ಅವರ ಒಳ್ಳೆಯ ಕತ್ತರಿ ಕೊಟ್ಟರು. ತೆಗೆದುಕೊಂಡೆ.

ಆ ಬುಧವಾರ ಕಳೆದು ಎರಡು ವರ್ಷವಾದ ಮೇಲೆ ನನ್ನ ಮದುವೆ ಗೊತ್ತಾಯಿತು. ಅಪ್ಪ ಪತ್ರಿಕೆ ಕೊಡಲು ಅತ್ತೆಯ ಮನೆಗೆ ಹೋಗಿ ಬಂದು, ನಗುತ್ತಲೇ ಅಮ್ಮನಿಗೆ ಹೇಳಿದ.

"ಅಕ್ಕ ಬರಾಕಿಲ್ವಂತೆ. ಅವಳ ಕಾಲು ನಮ್ಮ ಚಪ್ಪರಕ್ಕೆ ಬೀಳಬಾರದಂತೆ. 'ನಂಗೆ ಆಗ್ಲೇ ತೀರ್ಪಾಗೋಗೈತೆ' ಅಂತಾಳೆ. ವಯಸ್ಸಾಯ್ತು, ಏನೇನೋ ಮಾತಾಡ್ತಾಳೆ."

ಅಪ್ಪನಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಮರುದಿನ ಬಟ್ಟೆ ತರುವ ನೆವ ಹೇಳಿ, ಮೇಟ್ಟೂರು ಧರ್ಮಪುರಿ ದಾಟಿ ಕಂಬೈನಲ್ಲೂರಿಗೆ ಹೋದೆ.

ಟೀಚರಮ್ಮ ಬಡಕಲಾಗಿದ್ದರು. ಅಲ್ಲಿಯೂ ಒಂದು ಕೋಣೆ, ನಾಲ್ಕು ಮಿಷನ್ನು. ನನ್ನನ್ನು ಕೂರಿಸಿ ಕಾಫಿ ಕೊಟ್ಟರು. ನಾನು ಅಕ್ಕನ ವಿಷಯದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ.

"ಆವತ್ತೇ ಗೊತ್ತಾಯಿತು ಪಾಪ್ಪಾ. ನಾನು ಅಷ್ಟು ಉದ್ದ ಹೇಳಿದೆ, ನೀನು ನಾಲ್ಕು ಮಾತಿನಲ್ಲಿ ಮುಗಿಸಿದೆ. ಯಾಕೆ ಎಂದು ಮಾತ್ರ ಈಗ ಗೊತ್ತಾಯಿತು."

"ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

"ನೀನೇ ಹೇಳಬೇಕಾದ್ದನ್ನು ನಾನು ಹೇಳಿದರೆ ನಿನಗೆ ಏನು ಉಳಿಯುತ್ತಿತ್ತು?"

ನಾನು ಅವರ ಕಾಲು ಹಿಡಿದು ಮನ್ನಿಪ್ಪು ಕೇಳಿದೆ. ಎತ್ತಿ ಕೂರಿಸಿ, ತಮ್ಮ ಪಾಲಿನದು ಎಂದೋ ಆಯಿತು ಎಂದರು. ಆಮೇಲೆ ದನಿ ಸ್ವಲ್ಪ ಗಟ್ಟಿಯಾಯಿತು.

"ಆ ತಾಯಿ ಎರಡು ವರ್ಷದಿಂದ ನೀನು ಕೊಟ್ಟ ನರಕದಲ್ಲಿದ್ದಾಳೆ. ಅವಳ ಪಾಲಿನದನ್ನು ನಾನು ಹೇಗೆ ಮನ್ನಿಸಲಿ? ಹೋಗು. ಹೋಗಿ ಬಂದ ಮೇಲೆ ಒಂದು ಸಾಲು ಬರೆದು ಹಾಕು. ನನಗೆ ಮನಸ್ಸು ತಡೆಯುವುದಿಲ್ಲ."

ಹೋದೆ. ಅತ್ತೆ ದೊಡ್ಡಿಯ ಬಳಿ ಸೊಪ್ಪು ಹರವುತ್ತಿದ್ದಳು. ನನ್ನನ್ನು ಕಂಡು ಪಕ್ಕಕ್ಕೆ ಸರಿದು ನಿಂತಳು. ದಾರಿ ಬಿಡುವವಳಂತೆ. ನಾನು ನಿಂತಲ್ಲೇ ಹೇಳಿದೆ.

"ಅತ್ತೆ, ಆವತ್ತು ಟೀಚರಮ್ಮ ಅಂಗೆ ಏಳ್ಲಿಲ್ಲ. ಮನ್ನಿಪ್ಪು ಐತೆ ಅಂತಲೇ ಏಳಿದ್ರು. ಬೆಂಕಿ ಅಂದೋಳು ನಾನು. ಅಕ್ಕನ್ನ ನೆನೆಸ್ಕಂಡು ನಾನೇ ಅಂದೆ."

ಅವಳಿಗೆ ಸಿಟ್ಟು ಬರುತ್ತದೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು.

"ಪುಸ್ತಕದ ಮಾತಲ್ವಾ? ನಿನ್ನ ಮಾತಾ?"

"ನಂದೇ."

"ನಿಂದಾದ್ರೆ ಸರಿ ಕೂಸೇ" ಎಂದಳು. ಕಣ್ಣಲ್ಲಿ ನೀರಿತ್ತು. "ನಿನ್ನ ಬಾಯಿಂದ ನಂಗೆ ಅದು ಬರಬೇಕಾದ್ದೇ. ದೇವ್ರು ಅಂದ್ನಲ್ಲ ಅಂತಲೇ ಎದೆ ಒಡೆದಿತ್ತು."

ಬೈದಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಅವಳು ಮದುವೆಗೆ ಬಂದಳು. ಚಪ್ಪರದ ಕಂಬಕ್ಕೆ ಒರಗಿ ಕೂತು ಉಂಡಳು.

ಮದುವೆಯಾಗಿ ಚಾಮರಾಜನಗರದ ಕಡೆಗೆ ಬಂದೆ. ಕನ್ನಡ ಓದಲು ಬರೆಯಲು ಕಲಿತದ್ದು ಇಲ್ಲಿಯೇ. ಟೀಚರಮ್ಮನಿಗೆ ಬರೆಯಬೇಕು ಎಂದು ಎಷ್ಟೋ ಸಲ ಕಾರ್ಡು ತಂದಿಟ್ಟೆ. ಅತ್ತೆಯ ಬಳಿಗೆ ಎರಡು ವರ್ಷ ತಡಮಾಡಿ ಹೋದವಳು ಅದನ್ನೊಂದು ದೊಡ್ಡ ಕೆಲಸವೆಂಬಂತೆ ಹೇಗೆ ಬರೆಯಲಿ ಎಂದು ನಾಚಿ, ನಾಳೆ ಬರೆದರಾಯಿತು ಎಂದು ಮುಂದೂಡಿದೆ. ಮೊದಲ ಹೆರಿಗೆಗೆ ತವರಿಗೆ ಹೋದಾಗ, ಜೊತೆಯಲ್ಲಿ ಹೊಲಿಗೆ ಕಲಿತಿದ್ದವಳೊಬ್ಬಳು ಸಿಕ್ಕಿ, ಟೀಚರಮ್ಮ ತೀರಿಹೋಗಿ ಆರು ತಿಂಗಳಾಯಿತು ಎಂದಳು. ಕಡೆಗಾಲದಲ್ಲಿ ಅವಳು ಕಂಬೈನಲ್ಲೂರಿಗೆ ಹೋಗಿ ನೋಡಿ ಬಂದಿದ್ದಳಂತೆ.

"ನಿನ್ನ ವಿಷಯಾನೇ ಕೇಳ್ತಿದ್ರು ಕಣೇ" ಎಂದಳು. "ಕೊಳತ್ತೂರಿನಿಂದ ಏನಾದ್ರೂ ಕಾಗ್ದ ಬಂತಾ ಅಂತ ದಿನಾ ಟಪಾಲಿನವನ್ನ ಕೇಳ್ತಿದ್ರಂತೆ. ಏನ್ ಕಾಗ್ದಾನೇ ಅದು?"