ವಿಮಾನ ನಿಂತಾಗಿನ ವಾದ

ಲಾಕ್‌ಡೌನ್‌ನಲ್ಲಿ ವಿದೇಶದಲ್ಲಿ, ವಿಮಾನ ನಿಲ್ದಾಣದ ಹತ್ತಿರವಿರುವ ಸ್ಯಾಂಟ್ರಿಯ ನಮ್ಮ ಫ್ಲಾಟಿನ ಅಡುಗೆಮನೆಯೇ ಮಗಳ ಶಾಲೆಯಾಗಿತ್ತು. ಅಂದು ಆನ್‌ಲೈನ್ ಚರ್ಚಾಸ್ಪರ್ಧೆ. ಮನುಷ್ಯರಿಂದಾದ ಹವಾಮಾನ ಬದಲಾವಣೆ ನಿಜಕ್ಕೂ ದೊಡ್ಡ ಅಪಾಯವೇ ಎಂಬುದು ವಿಷಯ. ಅಪಾಯ ನಿಜ, ಹೊಗೆ ಉಗುಳುವ ವಿಮಾನಗಳು ನಿಂತಿದ್ದೇ ಒಳ್ಳೆಯದಾಯಿತು ಎಂದು ಅವಳು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ವಾದಿಸಿದಳು. ವಿಮಾನ ರಿಪೇರಿಯ ಕೆಲಸ ಕಳೆದುಕೊಂಡು ಮನೆಯಲ್ಲಿದ್ದ ನನ್ನ ಗಂಡ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು.

ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಅವರು ಕೇಳಿದರು, "ನನ್ನ ಕೆಲಸ ಹೋಗಿದ್ದೂ ಒಳ್ಳೇದಾಯ್ತಾ?"

ಮಗಳು ತಟ್ಟನೆ ತಿರುಗಿದಳು. "ಇಲ್ಲಪ್ಪ. ಆದ್ರೆ ನಾನು ಹೇಳಿದ್ದು ಸುಳ್ಳಲ್ಲ," ಎಂದಳು, ಅಪರೂಪಕ್ಕೆ ಕನ್ನಡದಲ್ಲಿ.

"ಸುಳ್ಳು ಅಂತ ನಾನೂ ಹೇಳ್ತಿಲ್ಲ," ಎನ್ನುತ್ತಾ ಅವರು ಎದುರಿನ ಕುರ್ಚಿ ಎಳೆದು ಕೂತರು. "ಹಾಗಾದ್ರೆ ನನ್ನಂಥವರು ಏನು ಮಾಡ್ಬೇಕು, ಅದನ್ನ ಹೇಳು."

ಅವಳು ಲ್ಯಾಪ್‌ಟಾಪನ್ನು ಮತ್ತೆ ತೆರೆದು ಅಪ್ಪನಿಗೂ ಕಾಣುವಂತೆ ತಿರುಗಿಸಿದಳು. "ಗೊತ್ತಿಲ್ಲಪ್ಪ. ಇಬ್ರೂ ಸೇರಿ ಹುಡುಕೋಣ," ಎಂದಳು.