ಪುತ್ತಿಗೆ ಗದ್ದೆಯಲ್ಲಿ ಭೋಜಣ್ಣನ ಗಾಲ್ಫ್

ದುಬೈಯ ಗಾಲ್ಫ್ ಕ್ಲಬ್ಬಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ಬಂದವನೆಂದು ಊರವರು ಭೋಜಣ್ಣನನ್ನು ದೊಡ್ಡ ಆಟಗಾರನೆಂದೇ ತಿಳಿದರು. ಅವನೂ ತಿದ್ದಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ, ಕಲಿಯುವವರು ಹೊಡೆದು ಚೆಲ್ಲಿದ ಚೆಂಡುಗಳನ್ನು ಕಬ್ಬಿಣದ ಬಲೆ ಹೊದಿಸಿದ ಗಾಡಿಯಲ್ಲಿ ಕೂತು ಹೆಕ್ಕಿ ತರುವುದು ಅಲ್ಲಿ ಅವನ ಕೆಲಸ. ಹೆಕ್ಕುತ್ತ ಹೆಕ್ಕುತ್ತ ಮಾಸ್ಟ್ರುಗಳು ಹೇಳಿಕೊಡುವುದನ್ನೆಲ್ಲ ಕಿವಿಗೆ ಹಾಕಿಕೊಂಡಿದ್ದ. ಅವರಿಗೆ ಸಿಗುತ್ತಿದ್ದ ಮರ್ಯಾದೆಯನ್ನೂ ನೋಡಿದ್ದ. ಯಾರಾದರೂ ಒಮ್ಮೆ ತನ್ನನ್ನೂ ಮಾಸ್ಟ್ರೇ ಎಂದು ಕರೆಯಬೇಕೆಂಬುದು ಅವನ ಆಸೆ. ಈ ಆಸೆಯನ್ನು ಅವನು ನನಗೆ ಹೇಳಿದ್ದು ಮೂಡುಬಿದಿರೆಯ ಬಸ್ಸಿನಲ್ಲಿ, ಯಾರಿಗೂ ಹೇಳಬಾರದೆಂದು. ನಾನು ಎಲ್ಲರಿಗೂ ಹೇಳಿದೆ. ಆದರೂ ಯಾರೂ ಕರೆಯಲಿಲ್ಲ. ಭೋಜಣ್ಣ ಎಂದು ಪಳಗಿದ ಬಾಯಿ ಅಷ್ಟು ಸುಲಭದಲ್ಲಿ ತಿರುಗುತ್ತದೆಯೇ?

ಅಜಿತಕುಮಾರರ ಕೊಯ್ಲಾದ ಗದ್ದೆಯನ್ನು ಕೇಳಿ ಪಡೆದು ಅವನು ಕ್ಲಾಸು ಶುರುಮಾಡಿದಾಗ ನಾವು ಆರು ಮಂದಿ ಸೇರಿದೆವು. ಅಂಚೆ ಕಚೇರಿಯಿಂದ ನಿವೃತ್ತನಾದ ನನ್ನನ್ನು ಸೇರಿಸಿದ್ದು ನನ್ನ ಮಂಡಿನೋವು. ಬೀಡಿ ಕಟ್ಟುವ ಪ್ರೇಮಾವತಿಯನ್ನು ಸೇರಿಸಿದ್ದು ಕುತೂಹಲ. ಮೀನಿನ ಟೆಂಪೋದ ಹನೀಫಾ, ಬೆಳಗ್ಗಿನ ವ್ಯಾಪಾರ ಮುಗಿದ ಮೇಲೆ ಹೊತ್ತು ಹೋಗುವುದಿಲ್ಲವೆಂದು ಬಂದವನು. ಉಳಿದ ಮೂವರು ಅಕ್ಕಪಕ್ಕದ ಮನೆಯವರು.

ಮೊದಲ ವಾರ ಭೋಜಣ್ಣ ದುಬೈಯ ಮಾಸ್ಟ್ರುಗಳಂತೆ ಭಾಷಣ ಮಾಡಿದ. ಭುಜ, ಸೊಂಟ, ಮಣಿಕಟ್ಟು ಎಂದು ಒಂದೊಂದಕ್ಕೂ ಅರ್ಧ ಗಂಟೆ. ಹನೀಫಾ ನಿಂತಲ್ಲೇ ನಿದ್ದೆ ಹೋದ. ಎರಡನೆಯ ವಾರ ಭೋಜಣ್ಣನಿಗೆ ಬುದ್ಧಿ ಬಂತು.

“ಅಂಗಳ ಗುಡಿಸುವಾಗ ಹಿಡಿಸೂಡಿ ಬೀಸುತ್ತೀರಲ್ಲ, ಹಾಗೆ ಬೀಸಿ. ಬೀಡಿ ಸುರುಳಿ ಸುತ್ತುವಾಗ ಎಲೆ ಹರಿಯದ ಹಾಗೆ ಹಿಡಿಯುತ್ತೀರಲ್ಲ, ಹಾಗೆ ಹಿಡಿಯಿರಿ. ಅಷ್ಟೇ!”

ಪ್ರೇಮಾವತಿಯ ಚೆಂಡು ಗದ್ದೆ ದಾಟಿ ತೋಡಿನ ನೀರಿಗೆ ಬಿತ್ತು. ಅವಳು ಕುಣಿದಳು. ಅಂದಿನಿಂದ ನಾವು ಯಾರೂ ಒಂದು ದಿನವೂ ತಪ್ಪಿಸಲಿಲ್ಲ.

ಮೂರನೆಯ ವಾರ ಭೋಜಣ್ಣ ಗದ್ದೆಯ ಒಂದು ಮೂಲೆಯಲ್ಲಿ ದುಂಡಗೆ ಹುಲ್ಲಿನ ಹೆಂಟೆ ಹಾಸಿ, ನಡುವೆ ಗುಳಿ ತೋಡಿ, ಅದರಲ್ಲಿ ಕೆಂಪು ಬಾವುಟ ನೆಟ್ಟ. ಸುತ್ತ ಹಗ್ಗ ಕಟ್ಟಿದ. ಒಳಗೆ ಚಪ್ಪಲಿ ಹಾಕಿ ಕಾಲಿಡಬಾರದೆಂದ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು ತಾನೇ ನೀರು ಚಿಮುಕಿಸಿದ. ನಮ್ಮ ಊರಿನಲ್ಲಿ ಇಷ್ಟಾದ ಮೇಲೆ ಇನ್ನೇನು ಬೇಕು? ನಾಲ್ಕನೆಯ ದಿನ ಯಾರೋ ಅಲ್ಲೊಂದು ದಾಸವಾಳ ಇಟ್ಟು ಹೋಗಿದ್ದರು.

ಅಲ್ಲಿಯವರೆಗೆ ನೆಟ್ಟಗೆ ಹೋಗುತ್ತಿದ್ದ ಚೆಂಡುಗಳು ಬಾವುಟ ಬಂದ ಮೇಲೆ ಆರು ದಿಕ್ಕಿಗೆ ಹೋಗತೊಡಗಿದವು. ಭೋಜಣ್ಣ ನಮ್ಮ ಮೊಣಕೈ ತಿದ್ದಿದ, ಪಾದ ತಿದ್ದಿದ, ಹನೀಫಾನ ಹೊಟ್ಟೆ ಒಳಗೆ ಎಳೆಸಿದ. ಏನೂ ಪ್ರಯೋಜನವಾಗಲಿಲ್ಲ. ಕಾರಣ ನಮಗೆ ಆರು ಮಂದಿಗೂ ಗೊತ್ತಿತ್ತು. ಅವನಿಗೂ ಗೊತ್ತಿದೆ, ನಮ್ಮ ಭಕ್ತಿಯನ್ನು ಪರೀಕ್ಷಿಸುತ್ತಿದ್ದಾನೆ ಎಂದುಕೊಂಡಿದ್ದೆವು. ಓದಿದ ನಾನೂ ಹಾಗೆಯೇ ಅಂದುಕೊಂಡಿದ್ದೆ, ನಾಚಿಕೆಗೇಡು.

ಅಜಿತಕುಮಾರರು ಬಂದು ಎರಡು ದಿನ ನೋಡಿದರು. “ಭೋಜ, ಭಾನುವಾರ ಬರ್ತೇನೆ. ಒಂದು ಚೆಂಡಾದರೂ ಗುರಿಯ ಹತ್ತಿರ ಹೋದರೆ ಗದ್ದೆ ಮಳೆಗಾಲದವರೆಗೆ ನಿನಗೆ. ಇಲ್ಲದಿದ್ದರೆ ನಾನು ಉದ್ದು ಬಿತ್ತುವುದು,” ಎಂದರು.

ಭಾನುವಾರ ಅವರು ಕೊಡೆ ಹಿಡಿದು ಗದ್ದೆಯಂಚಿನ ಕಟ್ಟಪುಣಿಯ ಮೇಲೆ ನಿಂತರು. ನಾನು ಹೊಡೆದದ್ದು ಎಡಕ್ಕೆ ಹೋಯಿತು. ಹನೀಫಾನದ್ದು ಬಲಕ್ಕೆ. ಉಳಿದ ಮೂವರದ್ದು ತೋಡಿಗೆ. ಪ್ರೇಮಾವತಿಯದ್ದು ಹಿಂದಕ್ಕೇ ಹೋಯಿತು, ಅದು ಹೇಗೆಂದು ಇಂದಿಗೂ ತಿಳಿದಿಲ್ಲ. ಅಜಿತಕುಮಾರರು ಕೊಡೆ ಮಡಚಿದರು. ಭೋಜಣ್ಣ ಗದ್ದೆಯಲ್ಲೇ ಕುಕ್ಕರಿಸಿದ.

“ನನಗೆ ಹೆಕ್ಕಲಿಕ್ಕೆ ಮಾತ್ರ ಬರುವುದು ಮಾರಾಯ್ರೆ. ಕಲಿಸಲಿಕ್ಕೆ ಬರುವುದಿಲ್ಲ,” ಎಂದ.

ಪ್ರೇಮಾವತಿಗೆ ತಡೆಯಲಾಗಲಿಲ್ಲ.

“ಕಲಿಸಿದ್ದು ಸರಿಯೇ ಉಂಟು ಭೋಜಣ್ಣ. ಆದರೆ ದೇವರ ಜಾತ್ರೆಯ ಹಾಗೆ ಕೊಡಿ ಬಾವುಟ ಏರಿಸಿದಲ್ಲಿಗೆ ಗುರಿ ಇಟ್ಟು ಹೊಡೆಯುವುದುಂಟಾ? ನಮಗೆ ಮಕ್ಕಳುಮರಿ ಇಲ್ಲವಾ?”

“ನಮ್ಮಲ್ಲಿ ಉರೂಸಿಗೂ ಕೊಡಿ ಏರಿಸ್ತಾರೆ. ನಾನಂತೂ ಹೊಡೆಯುವುದಿಲ್ಲ,” ಎಂದ ಹನೀಫಾ.

ಭೋಜಣ್ಣ ಬಾಯಿ ಬಿಟ್ಟು ಬಾವುಟ ನೋಡಿದ, ದಾಸವಾಳ ನೋಡಿದ, ನಮ್ಮ ಬರಿಗಾಲುಗಳನ್ನು ನೋಡಿದ.

“ಮತ್ತೆ ಯಾವುದಕ್ಕೆ ಹೊಡೆಯುತ್ತೀರಿ?”

ಬೋಳು ಗದ್ದೆಯಲ್ಲಿ ಬೇರೇನೂ ಇರಲಿಲ್ಲ. ಅವನು ಎದ್ದು ನನ್ನ ಸ್ಕೂಟರಿನ ಹೆಲ್ಮೆಟ್ ಹಾಕಿಕೊಂಡ. ಪ್ರೇಮಾವತಿಯ ಮನೆಗೆ ಓಡಿ ಅನ್ನದ ಹಂಡೆಯ ಮುಚ್ಚಳ ತಂದ. ಬಾವುಟದಿಂದ ದೂರ, ಇನ್ನೊಂದು ಮೂಲೆಗೆ ಹೋಗಿ ಮುಚ್ಚಳ ಎದೆಗೆ ಹಿಡಿದು ನಿಂತ.

“ದುಬೈಯಲ್ಲಿ ಎಲ್ಲರೂ ನನ್ನ ಗಾಡಿಗೇ ಗುರಿ ಇಡುತ್ತಿದ್ದದ್ದು! ತಾಗಿದರೆ ಚಪ್ಪಾಳೆ ಹೊಡೆಯುತ್ತಿದ್ದರು. ಹೊಡೆಯಿರಿ!”

ಭೋಜಣ್ಣನಿಗೆ ಹೊಡೆಯಲು ನಮಗೆ ಯಾವ ಅಂಜಿಕೆಯೂ ಇರಲಿಲ್ಲ. ನನ್ನ ಚೆಂಡು ಅವನ ಕಾಲ ಬುಡದಲ್ಲಿ ಬಿತ್ತು. ಹನೀಫಾನದ್ದು ಕಿವಿಯ ಪಕ್ಕದಲ್ಲಿ ಹಾದುಹೋಯಿತು. ಪ್ರೇಮಾವತಿ ಸೆರಗು ಸಿಕ್ಕಿಸಿ, ಹಿಡಿಸೂಡಿಯಂತೆ ಬೀಸಿದಳು. ಠಣ್ ಎಂದು ಗದ್ದೆಯೆಲ್ಲ ಕೇಳಿಸಿತು. ಭೋಜಣ್ಣ ಮುಚ್ಚಳದ ಸಮೇತ ಅಂಗಾತ ಬಿದ್ದ.

ಚಪ್ಪಾಳೆ ಯಾರಿಗೂ ನೆನಪಾಗಲಿಲ್ಲ. ಕೋಲು ಬಿಸಾಡಿ ಆರು ಮಂದಿಯೂ ಓಡಿದೆವು. ಮಂಡಿನೋವಿನ ನಾನೇ ಎರಡನೆಯವನು. ಮೊದಲು ತಲುಪಿದ ಪ್ರೇಮಾವತಿ ಅವನ ತಲೆ ಎತ್ತಿ ಹಿಡಿದು ಅಳುದನಿಯಲ್ಲಿ ಕೇಳಿದಳು: “ತಾಗಿತಾ ಮಾಸ್ಟ್ರೇ?”

ಭೋಜಣ್ಣ ಅಲುಗಾಡಲಿಲ್ಲ.

“ಏನು? ಇನ್ನೊಮ್ಮೆ ಹೇಳಿ,” ಎಂದ.

ಹೆಲ್ಮೆಟ್ಟಿನೊಳಗೆ ಕೇಳಿಸಲಿಲ್ಲವೆಂದುಕೊಂಡು ಅವಳು ಗಂಟಲು ಹರಿಯುವಂತೆ ಕೂಗಿದಳು: “ಮಾಸ್ಟ್ರೇ, ತಾಗಿತಾ?”

ಅವನಿಗೆ ಮೊದಲ ಸಲವೇ ಕೇಳಿಸಿತ್ತೆಂದು ನನಗೆ ಗೊತ್ತು. ಅಷ್ಟರಲ್ಲಿ ಅಜಿತಕುಮಾರರು ಗದ್ದೆಗಿಳಿದು ಬಿದ್ದಿದ್ದ ಕೋಲೊಂದನ್ನು ಕೈಗೆತ್ತಿಕೊಂಡಿದ್ದರು. “ಉದ್ದು ಪೇಟೆಯಲ್ಲಿ ಸಿಗ್ತದೆ. ನಾನೂ ಒಂದು ಹೊಡೆಯುವ. ಭೋಜ, ಎದ್ದು ನಿಲ್ಲು,” ಎಂದರು.

ಭೋಜಣ್ಣ ಕೂಡಲೇ ಏಳಲಿಲ್ಲ. ಹೆಲ್ಮೆಟ್ಟಿನ ಗಾಜು ಒಳಗಿನಿಂದ ಮಂಜಾಗಿತ್ತು.